ಸಿಮೆಂಟು ಮತ್ತು ಕೈ ಮತ್ತು ಚರ್ಮ

ಲಿಂಗಸುಗೂರು
14 ಜುಲೈ 2005

ಕೃಷ್ಣಾಬಾಯಿ ಮೇಡಮ್ಮನವರಿಗೆ ನಮಸ್ಕಾರಗಳು.

ನನ್ನ ಹೆಸರು ಗುರುದೇವಿ. ಇಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಡೇಟಾಬೇಸಿನಲ್ಲಿ ಲೇಖನ ಹುಡುಕುವುದು ಹೇಗೆಂದು ನಿಮ್ಮ ಕಾಲೇಜಿನ ಲೈಬ್ರರಿ ಇಂಟರ್‌ನೆಟ್ಟಿನಲ್ಲಿ ನಡೆಸುವ ಪಾಠಗಳಿಗೆ ನಮ್ಮ ಕಾಲೇಜನ್ನೂ ಸೇರಿಸಿದ್ದಾರೆ. ಸಂದೇಹವಿದ್ದವರು ಬರೆಯಬಹುದು ಎಂದು ಮೂರನೇ ಪಾಠದ ಕೊನೆಯಲ್ಲಿ ನಿಮ್ಮ ವಿಳಾಸ ಕೊಟ್ಟಿದ್ದೀರಿ. ಈ-ಮೇಲ್ ಮಾಡಬೇಕಿತ್ತು. ಆದರೆ ನಮ್ಮಲ್ಲಿರುವ ಮೂರು ಕಂಪ್ಯೂಟರುಗಳಲ್ಲಿ ನಡೆಯುವುದು ಒಂದೇ, ಒಬ್ಬೊಬ್ಬರಿಗೆ ವಾರಕ್ಕೆ ಅರ್ಧ ತಾಸು. ಅದನ್ನು ಟೈಪು ಮಾಡುತ್ತಾ ಕಳೆಯಲು ಮನಸ್ಸಾಗದೆ ಈ ಕಾಗದ.

ಕನ್ನಡದಲ್ಲಿ ಬರೆಯುವ ಧೈರ್ಯ ಕೊಟ್ಟವರು ನೀವೇ. ಎರಡನೇ ಪಾಠದಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗಿ, ಪರದೆ ನಿಂತುಬಿಟ್ಟ ಕಡೆ "ಇರ್ರಿ, ಯಾಕ ಬರವಲ್ದಿದು" ಎಂದಿದ್ದೀರಿ. ನನ್ನ ಗೆಳತಿ ಶಿವಗಂಗಾ, "ಏ, ಈ ಮೇಡಂ ನಮ್ಮ ಕಡೆಯವರ ಅದಾರ ನೋಡ" ಎಂದಳು. ಅಷ್ಟು ಭಾಗವನ್ನು ನಾವು ಆರು ಸಲ ಹಾಕಿ ಕೇಳಿದೆವು. ತಪ್ಪು ತಿಳಿಯಬೇಡಿ.

ನನ್ನ ಸಂದೇಹ ಇದು. 'ಸಿಮೆಂಟ್' ಎಂದು ಕೊಟ್ಟೆ. ನಲವತ್ತೊಂದು ಸಾವಿರ ಲೇಖನ ಬಂದವು. ಅರ್ಧ ತಾಸಿನಲ್ಲಿ ಎಷ್ಟು ಓದಲಿ? ಪ್ರಾಜೆಕ್ಟಿಗೆ ಬೇಕಾಗಿತ್ತು.

ತಮ್ಮ ವಿದ್ಯಾರ್ಥಿನಿ,
ಗುರುದೇವಿ


ತಾರ್ನಾಕ, ಹೈದರಾಬಾದ್
22 ಜುಲೈ 2005

ಚಿ. ಗುರುದೇವಿಗೆ ಆಶೀರ್ವಾದಗಳು.

ನಿನ್ನ ಪತ್ರ ಓದಿ ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು. ಈ ಪಾಠಗಳನ್ನು ಕಂಪ್ಯೂಟರಿಗೆ ಹಾಕಿಕೊಟ್ಟವರು ಕೊಂಡಾಪುರದ ಒಂದು ಕಂಪನಿಯ ಗೋಪಿನಾಥ ಎಂಬುವರು. ಅವರಿಗೆ ಕನ್ನಡ ಬಾರದು. ನಾನು ಅಂದ ಆ ಮಾತೂ ಪಾಠದ ಭಾಗವೇ ಎಂದುಕೊಂಡರಂತೆ. ಮುನ್ನೂರು ಹನ್ನೆರಡು ಮಕ್ಕಳು ಹೆಸರು ಹಚ್ಚಿದ್ದಾರೆ. ಒಬ್ಬರೂ ಹೇಳಿರಲಿಲ್ಲ.

ನಮ್ಮ ಅಜ್ಜನ ತಂದೆ ನಿಜಾಮರ ಕಂದಾಯ ಇಲಾಖೆಯ ನೌಕರಿಗೆಂದು ಕಲಬುರಗಿ ಕಡೆಯಿಂದ ಇಲ್ಲಿಗೆ ಬಂದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಗಾಬರಿಯಾದಾಗ ಮಾತ್ರ ಹೊಸ್ತಿಲು ಮರೆತುಹೋಗುತ್ತದೆ.

ಈಗ ನಿನ್ನ ಸಂದೇಹ. ಸುಲ್ತಾನ್ ಬಜಾರಿನ ಅಂಗಡಿಯಲ್ಲಿ ಕುಳಿತು ಬರೀ 'ಸೀರೆ ತೋರಿಸು' ಎಂದರೆ ಅಂಗಡಿಯವನು ಇಡೀ ಕಪಾಟನ್ನೇ ನಿನ್ನ ಮುಂದೆ ಸುರಿಯುತ್ತಾನೆ. 'ಸೀರೆ, ಅದೂ ಹತ್ತಿಯದು, ಅದೂ ಹಸಿರು' ಎಂದರೆ ಎಂಟು ಉಳಿಯುತ್ತವೆ. ಪಾಠದಲ್ಲಿ ಪದಗಳ ನಡುವೆ ಹಾಕಲು ಹೇಳಿರುವ ಆ್ಯಂಡ್ ಎಂದರೆ ಅದೇ. 'ಹಸಿರಾಗಲಿ ನೀಲಿಯಾಗಲಿ, ಯಾವುದಾದರೂ ನಡೆದೀತು' ಎಂದರೆ ರಾಶಿ ಬೆಳೆಯುತ್ತದೆ. ಅದು ಆರ್. 'ರೇಷ್ಮೆ ಅಂಚಿನದು ಬೇಡ' ಎಂದರೆ ಅದು ನಾಟ್. ಇದನ್ನು ಮಾತ್ರ ನೋಡಿಕೊಂಡು ಬಳಸಬೇಕು. ನನ್ನ ಅತ್ತಿಗೆ ಸುಭದ್ರಾ ಒಮ್ಮೆ ರೇಷ್ಮೆ ಅಂಚು ಬೇಡವೇ ಬೇಡ ಎಂದು ಹಟ ಹಿಡಿದದ್ದಕ್ಕೆ, ಅಂಗಡಿಯವನು ರೇಷ್ಮೆ ಅಂಚಿರುವ ಇಳಕಲ್ ಸೀರೆಗಳನ್ನೆಲ್ಲ ಎತ್ತಿಟ್ಟುಬಿಟ್ಟ. ಅವಳು ಹೋಗಿದ್ದೇ ಇಳಕಲ್ ಸೀರೆಗೆ.

ನಿನ್ನದು ಅರ್ಥಶಾಸ್ತ್ರದ ಪ್ರಾಜೆಕ್ಟು ಇರಬೇಕು. ಸಿಮೆಂಟ್ ಆ್ಯಂಡ್ ಇಂಡಸ್ಟ್ರಿ ಆ್ಯಂಡ್ ಕರ್ನಾಟಕ ಎಂದು ಕೊಡು. ನಿಮ್ಮ ಕಡೆ ಕಾರ್ಖಾನೆಗಳು ಬೇಕಾದಷ್ಟಿವೆ, ಒಳ್ಳೆಯ ವಿಷಯ ಆರಿಸಿದ್ದೀ.

ಇಂತು,
ಕೃಷ್ಣಾಬಾಯಿ


ಲಿಂಗಸುಗೂರು
8 ಆಗಸ್ಟ್ 2005

ಮೇಡಮ್ಮನವರಿಗೆ ನಮಸ್ಕಾರಗಳು.

ಸೀರೆಯ ಪತ್ರವನ್ನು ಹಾಸ್ಟೆಲಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನೀವು ಹೇಳಿದಂತೆ ಮಾಡಿದೆ. ಕಾರ್ಖಾನೆಗಳ ಮೇಲೆ ಅರವತ್ತೆರಡು ಲೇಖನ ಸಿಕ್ಕವು. ಆದರೆ ನನಗೆ ಬೇಕಾದದ್ದು ಕಾರ್ಖಾನೆ ಅಲ್ಲ. ಸಿಮೆಂಟು ಕಲಸಿ ಹೊರುವವರ ಕೈ ಒಡೆದು ಬಿರುಕು ಬಿಡುತ್ತದಲ್ಲ, ಅದರ ಬಗ್ಗೆ. ಹಾಸ್ಟೆಲಿನ ಒಬ್ಬಳ ಗೃಹವಿಜ್ಞಾನದ ಪ್ರಾಜೆಕ್ಟಿಗೆ.

ಕೈ ಒಡೆಯುವುದು ಎಂಬುದಕ್ಕೆ 'ಹ್ಯಾಂಡ್ ಬ್ರೇಕ್' ಎಂದು ಕೊಟ್ಟೆ. ಮೋಟಾರು ಗಾಡಿಯ ಬ್ರೇಕುಗಳು ಬಂದವು. ಸಿಮೆಂಟ್ ಸೇರಿಸಿದೆ. ಆಪರೇಷನ್ ಮಾಡುವಾಗ ವೈದ್ಯರು ಎಲುಬಿಗೆ ಹಚ್ಚುವ ಸಿಮೆಂಟೊಂದು ಇದೆಯಂತೆ, ಅದರ ಮೇಲೆ ಸಾವಿರಾರು ಬಂದವು. ಒಂದನ್ನು ಪ್ರಿಂಟ್ ಕೂಡ ತೆಗೆದುಬಿಟ್ಟೆ, ಹನ್ನೊಂದು ಪುಟ. ಪ್ರಾಂಶುಪಾಲರು ಕಾಗದ ಎಣಿಸುತ್ತಿದ್ದರು.

ಅದಕ್ಕೆ ಸರಿಯಾದ ಇಂಗ್ಲಿಷ್ ಪದ ಯಾವುದು, ದಯವಿಟ್ಟು ಬರೆಯಿರಿ.

ಗುರುದೇವಿ


ತಾರ್ನಾಕ
16 ಆಗಸ್ಟ್ 2005

ಚಿ. ಗುರುದೇವಿಗೆ ಆಶೀರ್ವಾದಗಳು.

ಎಲುಬಿನ ಸಿಮೆಂಟಿನ ಸಂಗತಿಯನ್ನು ಗೋಪಿನಾಥರಿಗೆ ಹೇಳಿದೆ. ಫೋನಿನ ಆ ಕಡೆ ಬಹಳ ಹೊತ್ತು ನಗುತ್ತಿದ್ದರು.

ಆ ಪದ ನನಗೆ ಗೊತ್ತು. ಆದರೆ ಹೇಳುವುದಿಲ್ಲ. ಇಪ್ಪತ್ತೊಂಬತ್ತು ವರ್ಷ ಲೈಬ್ರರಿಯಲ್ಲಿ ಕುಳಿತು ಕಲಿತದ್ದು ಇಷ್ಟೇ: ಕೈಗೆ ಕೊಟ್ಟ ಪುಸ್ತಕವನ್ನು ಹುಡುಗರು ಮರೆಯುತ್ತಾರೆ, ತಾವೇ ಹುಡುಕಿ ತೆಗೆದದ್ದನ್ನು ಮರೆಯುವುದಿಲ್ಲ. ನಾವು ಆಡುವ ಮಾತು ಬೇರೆ, ವೈದ್ಯರು ಬರೆಯುವ ಮಾತು ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಐದನೇ ಪಾಠದಲ್ಲಿದೆ. ಅದನ್ನು ಪೂರಾ ನೋಡು.

ಮತ್ತೊಂದು ಮಾತು. ನಿನ್ನ ಪ್ರಾಜೆಕ್ಟನ್ನು ನಡುವೆ ಬಿಟ್ಟು ಇನ್ನೊಬ್ಬಳದನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಡ. ಅವಳ ಕೆಲಸ ಅವಳು ಮಾಡಲಿ. ಇಲ್ಲಿ ಪಾಠಗಳು ಚೆನ್ನಾಗಿ ನಡೆದಿವೆ.

ಕೃಷ್ಣಾಬಾಯಿ


ಲಿಂಗಸುಗೂರು
6 ಸೆಪ್ಟೆಂಬರ್ 2005

ಮೇಡಮ್ಮನವರಿಗೆ,

ಮೂರು ವಾರದಿಂದ ನಮ್ಮ ಕಂಪ್ಯೂಟರ್ ಕೆಟ್ಟಿದೆ. ಐದನೇ ಪಾಠ ನೋಡಲು ಆಗಿಲ್ಲ. ಪ್ರಾಜೆಕ್ಟು ಯಾರದೂ ಅಲ್ಲ. ಅದು ನನ್ನ ಅವ್ವನ ಕೈ.

ಅವ್ವನ ಹೆಸರು ಅನ್ನಮ್ಮ. ಅಪ್ಪ ಸಂಗಣ್ಣನೂ ಅವ್ವನೂ ನಾಲ್ಕು ವರ್ಷದಿಂದ ನಿಮ್ಮ ಊರಿನಲ್ಲೇ, ಕೊಂಡಾಪುರದಲ್ಲಿ, ಕಂಪನಿಗಳ ಕಟ್ಟಡ ಕಟ್ಟುವ ಕೆಲಸದಲ್ಲಿದ್ದಾರೆ. ಯುಗಾದಿಗೆ ಹೋದಾಗ ಅವ್ವನ ಅಂಗೈ ನೋಡಿದೆ. ಬಿರುಕಿನಲ್ಲಿ ರಕ್ತ. ಶೆಡ್ಡಿನ ಸಾಲಿನವರು ಕುಷ್ಠ ಎಂದು ಮಾತಾಡಿಕೊಂಡು ಅವ್ವನ ಕೈಯ ರೊಟ್ಟಿ ತಿನ್ನುವುದನ್ನು ಬಿಟ್ಟಿದ್ದಾರೆ. ಕೊಡ ಬೇರೆ ಇಡಿಸಿದ್ದಾರೆ. ಈ ತಿಂಗಳು ಮುಗಿದ ಮೇಲೆ ಕೆಲಸಕ್ಕೆ ಬರಬೇಡ ಎಂದು ಮೇಸ್ತ್ರಿ ಹೇಳಿದ್ದಾನಂತೆ.

ಮೊದಲೇ ಯಾಕೆ ಬರೆಯಲಿಲ್ಲ ಎಂದರೆ, ನೀವು ನನ್ನನ್ನು ಕಷ್ಟ ಹೇಳಿಕೊಂಡು ಬಂದವಳು ಎಂದಲ್ಲ, ವಿದ್ಯಾರ್ಥಿನಿ ಎಂದುಕೊಂಡು ಉತ್ತರ ಬರೆದಿದ್ದಿರಿ. ಹಾಗೇ ಇರಲಿ ಅನ್ನಿಸಿತ್ತು.

ಪದ ಗೊತ್ತಿದ್ದರೆ ಹೇಳಿಬಿಡಿ.

ಗುರುದೇವಿ


ತಾರ್ನಾಕ
10 ಸೆಪ್ಟೆಂಬರ್ 2005

ಪ್ರೀತಿಯ ಗುರುದೇವಿ,

ಪದ ಡರ್ಮಟೈಟಿಸ್. ಮುಟ್ಟಿದ ವಸ್ತುವಿನಿಂದ ಚರ್ಮ ಕೆಡುವುದಕ್ಕೆ ಕಾಂಟ್ಯಾಕ್ಟ್ ಡರ್ಮಟೈಟಿಸ್ ಎನ್ನುತ್ತಾರೆ. ಸ್ಪೆಲಿಂಗನ್ನು ಬೇರೆ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ. ಇಂದೇ ನಾನೇ ಹುಡುಕಿ ಒಂದು ಒಳ್ಳೆಯ ಲೇಖನ ತೆಗೆದೆ. ಸಿಮೆಂಟಿನಲ್ಲಿರುವ ಕ್ರೋಮಿಯಂ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಅದು ಕುಷ್ಠ ಅಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಎಂದು ಸ್ಪಷ್ಟವಾಗಿ ಇದೆ. ನಿನ್ನ ಅವ್ವನದು ಅದೇ ಹೌದೋ ಅಲ್ಲವೋ ವೈದ್ಯರೇ ನೋಡಿ ಹೇಳಬೇಕು.

ಇದನ್ನು ಆಗಸ್ಟಿನಲ್ಲೇ ಒಂದು ಸಾಲಿನಲ್ಲಿ ಬರೆಯಬಹುದಿತ್ತು. ಬರೆಯಲಿಲ್ಲ. ಪಾಠ ಕಲಿಸುತ್ತಿದ್ದೇನೆಂಬ ಗರ್ವದಲ್ಲಿದ್ದೆ.

ಕೊಂಡಾಪುರದಲ್ಲಿ ಎಲ್ಲಿ? ತಾರ್ನಾಕದಿಂದ ಬಸ್ಸಿದೆ. ವಿಳಾಸ ಬರೆ.

ಕೃಷ್ಣಾಬಾಯಿ


ಲಿಂಗಸುಗೂರು
12 ಸೆಪ್ಟೆಂಬರ್ 2005

ಮೇಡಮ್ಮನವರಿಗೆ,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ಆದರೆ ನಿನ್ನೆ ಕಂಪ್ಯೂಟರ್ ರಿಪೇರಿಯಾಯಿತು. ಶಿವಗಂಗಾ ತನ್ನ ಅರ್ಧ ತಾಸನ್ನೂ ನನಗೇ ಬಿಟ್ಟುಕೊಟ್ಟಳು.

ಐದನೇ ಪಾಠ ನೋಡಿದೆ. ವೈದ್ಯರ ಪದ ಗೊತ್ತಿಲ್ಲದಿದ್ದರೆ ಗೊತ್ತಿರುವ ಪದಗಳಿಂದಲೇ ಶುರು ಮಾಡಿ, ಸಿಕ್ಕ ಲೇಖನದ ಕೆಳಗೆ ಸಣ್ಣಕ್ಷರದಲ್ಲಿರುವ ವಿಷಯಪದಗಳನ್ನು ನೋಡಿ ಎಂದಿದ್ದೀರಿ. ಸಿಮೆಂಟು ಮತ್ತು ಕೈ ಮತ್ತು ಚರ್ಮ ಎಂದು ಮೂರನ್ನೂ ಸೇರಿಸಿ ಕೊಟ್ಟೆ. ಎಂಬತ್ತೆಂಟು ಬಂದವು. ನಾಲ್ಕನೆಯದರ ಕೆಳಗೆ ಡರ್ಮಟೈಟಿಸ್ ಎಂದಿತ್ತು. ಆ ಪದ ಕೊಟ್ಟು ಮತ್ತೆ ಹುಡುಕಿದೆ. ಸಾಲುಸಾಲಾಗಿ ಅವ್ವನ ಕೈಯೇ ಬಂತು ಮೇಡಮ್ಮ. ಸ್ವೀಡನ್ ಎಂಬ ದೇಶದಲ್ಲೂ ಹೀಗೆ ಕೈ ಒಡೆದವರಿದ್ದಾರೆ. ನನಗೆ ಅಳು ಬಂತು, ಶಿವಗಂಗಾ "ಟೈಮ್ ಹೊಂಟೈತಿ, ಮೊದಲ ಪ್ರಿಂಟ್ ಕೊಡು, ಆಮ್ಯಾಲೆ ಅಳು" ಎಂದಳು.

ಪ್ರಿಂಟನ್ನು ನಮ್ಮೂರಿನ ಬಸು ಮಾವನ ಕೈಯಲ್ಲಿ ಇಂದು ಅವ್ವನಿಗೆ ಕಳಿಸಿದ್ದೇನೆ. ಅವನೂ ಅಲ್ಲೇ ಕೆಲಸಕ್ಕಿದ್ದಾನೆ. ಆದರೆ ಡಾಕ್ಟರ ಹತ್ತಿರ ಹೋಗಿ ಕಾಗದ ತೋರಿಸಿ ಮಾತಾಡಲು ಅವರಿಗೆ ಬರುವುದಿಲ್ಲ. ನನಗೆ ಪರೀಕ್ಷೆ ಇದೆ. ನಿಮಗೆ ಹೋಗಲು ಆಗುತ್ತದೆಯೇ? ವಿಳಾಸ ಹಿಂದಿನ ಪುಟದಲ್ಲಿದೆ.

ನೀವು ಪದ ಹೇಳದೇ ಇದ್ದದ್ದೇ ಒಳ್ಳೆಯದಾಯಿತು ಎಂದು ಬರೆಯೋಣ ಎಂದು ಕುಳಿತೆ. ಹಾಗೆ ಅನ್ನಿಸಲಿಲ್ಲ. ಆದ್ದರಿಂದ ಬರೆದಿಲ್ಲ.

ಗುರುದೇವಿ


ತಾರ್ನಾಕ
25 ಸೆಪ್ಟೆಂಬರ್ 2005

ಪ್ರೀತಿಯ ಗುರುದೇವಿ,

ನಾನು ಪದ ಹೇಳದೇ ಇದ್ದದ್ದರ ಬಗ್ಗೆ ನೀನು ಬರೆದದ್ದು ಸರಿ. ಆ ಮಾತು ಅಲ್ಲಿಗೇ ಇರಲಿ, ನನಗೆ ನೆನಪಿರುತ್ತದೆ. ಈಗ ನಡೆದದ್ದನ್ನು ಕೇಳು.

ಗೋಪಿನಾಥರ ಆಫೀಸಿನಿಂದ ನಿಮ್ಮವರ ಶೆಡ್ಡಿಗೆ ಹತ್ತು ನಿಮಿಷದ ದಾರಿ. ದಿನವೂ ಅದರ ಮುಂದೆ ಕಾರಿನಲ್ಲಿ ಹೋಗುತ್ತಿದ್ದವರು ನಾನು ಹೋದ ದಿನ ಮೊದಲ ಸಲ ನನ್ನ ಜೊತೆ ಇಳಿದು ನಡೆದರು. ನಿನ್ನ ಅವ್ವ ಶೆಡ್ಡಿನ ಮುಂದೆ ಕುಳಿತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾರ್ರಿ ನೀವು, ಡಾಕ್ಟರಾ?"

"ಅಲ್ರಿ, ಲೈಬ್ರರಿಯಾಕಿ."

"ಹಂಗಾರ ಕೈಗೆ ಪುಸ್ತಕ ಹಚ್ಚತೀರೇನ್ರಿ?"

ನಾನು ತಂದಿದ್ದ ಲೇಖನ ತೆಗೆದು ತೋರಿಸಿದೆ. ಅವರು ಮುಟ್ಟಲಿಲ್ಲ. ಒಳಗೆ ಹೋಗಿ ಜೋಳದ ಡಬ್ಬಿಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ ತಂದರು. "ಇದು ನನ್ನ ಮಗಳು ಹುಡುಕಿದ್ದು. ಬ್ಯಾರೆಯವರ ಕಾಗದ ನನಗ ಬ್ಯಾಡ." ಬಿಚ್ಚಿ ನೋಡಿದೆ. ಅದೇ ಲೇಖನ, ಅದೇ ಪುಟಗಳು. ನೀನೂ ನಾನೂ ಎರಡು ಊರಿನಲ್ಲಿ ಕುಳಿತು ನಲವತ್ತೊಂದು ಸಾವಿರದಲ್ಲಿ ಒಂದನ್ನೇ ಎತ್ತಿದ್ದೆವು. ಹೇಳಿದರೆ ಅವರು ನಂಬಲಿಲ್ಲ. ಎರಡನ್ನೂ ನೆಲದ ಮೇಲೆ ಪಕ್ಕಪಕ್ಕ ಹಾಸಿ, ಸಾಲಿನ ಮೇಲೆ ಬೆರಳಿಟ್ಟು ಕೆಳಗಿನವರೆಗೆ ನೋಡಿದರು. "ಹೌದ್ರಿ, ಅಕ್ಕ-ತಂಗಿ ಇದ್ದಂಗ ಅದಾವ" ಎಂದು ಎದ್ದು, ನೀರು ತಂದುಕೊಡುವಂತೆ ನಿನ್ನ ಅಪ್ಪನಿಗೆ ಹೇಳಿದರು. ತಾವು ತರಲಿಲ್ಲ. ನಿಮ್ಮ ಕೈಯಿಂದಲೇ ಕೊಡಿ ಎಂದು ನಾನು ಕೇಳಬೇಕಿತ್ತು. ಹೊಳೆಯಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ಹೊಳೆಯಿತು.

ಮರುದಿನ ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋದೆವು. ಡಾಕ್ಟರ್ ಗುಣವತಿ ಎಂದು ಚಿಕ್ಕ ವಯಸ್ಸಿನವರು. ಲೇಖನ ನೋಡಿ, "ಇದನ್ನು ತೆಗೆದದ್ದು ಯಾರು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಅವ್ವ ಹಿಂದಿಯಲ್ಲಿ, "ಮೇರಿ ಬೇಟಿ" ಎಂದರು. ಬೆನ್ನಿಗೆ ಬೇರೆ ಬೇರೆ ವಸ್ತು ಹಚ್ಚಿದ ಪಟ್ಟಿಗಳನ್ನು ಅಂಟಿಸಿ ಎರಡು ದಿನ ಬಿಟ್ಟು ನೋಡಿದರು. ಒಂದು ಪಟ್ಟಿಯ ಕೆಳಗೆ ಮಾತ್ರ ಚರ್ಮ ಕೆಂಪಗೆ ಎದ್ದಿತ್ತು. ಕ್ರೋಮಿಯಂ. ಕುಷ್ಠದ ಪರೀಕ್ಷೆಯನ್ನೂ ಮಾಡಿದರು, ಅದು ಇಲ್ಲವೇ ಇಲ್ಲ. ಮುಲಾಮು ಕೊಟ್ಟಿದ್ದಾರೆ. ಹಸಿ ಸಿಮೆಂಟು ಮುಟ್ಟಬಾರದು, ಅಷ್ಟೇ.

ನಿನ್ನ ಅವ್ವ ಏಳಲಿಲ್ಲ. "ಬಾಯಿಮಾತು ನಮ್ಮ ಸಾಲಿನ್ಯಾಗ ನಡಿಯಂಗಿಲ್ರಿ. ಇದು ಅಂಟೂ ರೋಗ ಅಲ್ಲಂತ ಬರದು ಸಿಕ್ಕಾ ಹೊಡದು ಕೊಡ್ರಿ" ಎಂದರು. ಡಾಕ್ಟರು ತೆಲುಗಿನಲ್ಲಿ ಬರೆದು ಮೊಹರು ಹಾಕಿಕೊಟ್ಟರು. ಅದನ್ನು ಆ ಸಂಜೆ ಶೆಡ್ಡಿನ ಸಾಲಿನಲ್ಲಿ ಗಟ್ಟಿಯಾಗಿ ಓದಿದವರು ಗೋಪಿನಾಥ. ಮೇಸ್ತ್ರಿಯ ಮುಂದೆ ನಿನ್ನ ಅವ್ವ ಅವರಿಂದ ಎರಡು ಸಲ ಓದಿಸಿದರು. ಈಗ ಅವ್ವನಿಗೆ ಒಣ ಕೆಲಸ, ಇಟ್ಟಂಗಿ ಹೊರುವುದು.

ಕೃಷ್ಣಾಬಾಯಿ


ಲಿಂಗಸುಗೂರು
4 ಅಕ್ಟೋಬರ್ 2005

ಮೇಡಮ್ಮನವರಿಗೆ ಗುರುದೇವಿ ಮಾಡುವ ನಮಸ್ಕಾರಗಳು.

ಭಾನುವಾರ ಎಸ್‌ಟಿಡಿ ಬೂತಿನಿಂದ ಅವ್ವನ ಜೊತೆ ಮಾತಾಡಿದೆ. ಬಿರುಕುಗಳು ಕೂಡುತ್ತಾ ಬಂದಿವೆಯಂತೆ. ಬಸು ಮಾವನ ಹೆಂಡತಿ ಬಂದು ತಾನಾಗಿ ರೊಟ್ಟಿ ಕೇಳಿ ಉಂಡಳಂತೆ. "ಎಷ್ಟು ಕೊಟ್ಟಿ?" ಎಂದು ಕೇಳಿದೆ. "ಎರಡು" ಎಂದಳು. "ಅಷ್ಟ?" ಎಂದೆ. "ಸಿಟ್ಟು ಇನ್ನಾ ಪೂರಾ ಇಳಿದಿಲ್ಲವಾ" ಎಂದಳು. ನಾವಿಬ್ಬರೂ ನಕ್ಕಿದ್ದಕ್ಕೆ ಬೂತಿನವನು ಗಾಜು ಬಡಿದ.

ನಿಮಗೆ ಹೇಗೆ ಬರೆಯಬೇಕೋ ನನಗೆ ತಿಳಿಯುತ್ತಿಲ್ಲ. ಬೇರೆ ವಿಷಯ ಕೇಳುತ್ತೇನೆ. ನಿನ್ನೆ ಆರನೇ ಪಾಠ ತೆಗೆದರೆ ಪರದೆಯ ಮೇಲೆ, ಅಕ್ಟೋಬರ್ ಮೂವತ್ತೊಂದರ ನಂತರ ಈ ಪಾಠಗಳು ಇರುವುದಿಲ್ಲ ಎಂದು ಬಂತು. ಚೆನ್ನಾಗಿ ನಡೆದಿವೆ ಎಂದು ಬರೆದಿದ್ದಿರಿ. ನೀವೂ ನನ್ನ ಹಾಗೇ ಮಾಡಿದ್ದೀರಿ.

ಗುರುದೇವಿ


ತಾರ್ನಾಕ
14 ಅಕ್ಟೋಬರ್ 2005

ಪ್ರೀತಿಯ ಗುರುದೇವಿ,

ಹೌದು, ಮಾಡಿದೆ. ಹೆಸರು ಹಚ್ಚಿದವರು ಮುನ್ನೂರು ಹನ್ನೆರಡು. ಮೂರನೇ ಪಾಠ ದಾಟಿದವರು ಹತ್ತೊಂಬತ್ತು. ಪಾಠಗಳನ್ನು ನಡೆಸುವ ಸಮಿತಿಯ ಅಧ್ಯಕ್ಷ ನರಹರಿಯವರು ಜುಲೈನಲ್ಲೇ ಹೇಳಿದ್ದರು, ಯಾರೂ ನೋಡದ ಪಾಠ ಯಾಕೆ ಎಂದು. ಡೇಟಾಬೇಸಿನ ಚಂದಾವನ್ನೂ ನಿಲ್ಲಿಸುತ್ತಾರೆ. ಎರಡು ವರ್ಷ ಇದಕ್ಕಾಗಿ ಓಡಾಡಿದ್ದೇನೆ. ನಿನ್ನ ಮೊದಲ ಪತ್ರ ಬಂದಾಗ, ಪಾಠ ನೋಡಿ ಒಬ್ಬಳಾದರೂ ಬರೆದಳಲ್ಲ ಎಂದು, ಇಡೀ ಲೈಬ್ರರಿಯಲ್ಲಿ ನಾನೊಬ್ಬಳೇ ಸಿಹಿ ತಿಂದೆ.

ಸಮಿತಿ ಇಪ್ಪತ್ತೊಂಬತ್ತಕ್ಕೆ ಸೇರುತ್ತದೆ. ನಿನ್ನ ಅವ್ವನ ಕೈಯ ಕಥೆ ಹೇಳಿದರೆ ಅವರ ಮನಸ್ಸು ತಿರುಗಬಹುದು. ಆದರೆ ಅದು ನನ್ನದಲ್ಲ. ನೀವು ಬೇಡವೆಂದರೆ ಹೇಳುವುದಿಲ್ಲ.

ಕೃಷ್ಣಾಬಾಯಿ


ಲಿಂಗಸುಗೂರು
20 ಅಕ್ಟೋಬರ್ 2005

ಮೇಡಮ್ಮನವರಿಗೆ,

ಅವ್ವನನ್ನು ಕೇಳಿದೆ. "ಹೇಳ್ಲಿ ಬಿಡು. ಫೋಟೋ ತೆಗೆಯೋದಿದ್ರ ಮಾತ್ರ ಮೊದಲ ತಿಳಸು ಅನ್ನು, ಚಲೋ ಸೀರಿ ಉಡಬೇಕು" ಎಂದಳು. ನನ್ನ ಒಪ್ಪಿಗೆಯೂ ಇದೆ. ಆದರೆ ಒಂದು ಮಾತು. ಅವ್ವನ ಕೈ ನೋಡಿ ಅವರು ಅಯ್ಯೋ ಎನ್ನಬಹುದು. ಅದರಿಂದ ಮೂರನೇ ಪಾಠ ಯಾರಿಗೂ ತಿಳಿಯುವುದಿಲ್ಲ.

ಸಿಟ್ಟಾಗಬೇಡಿ. ನೀವು ಸೀರೆಯಲ್ಲಿ ಹೇಳಿದ ಆ್ಯಂಡ್, ಆರ್, ನಾಟ್ ಆ ಪಾಠದಲ್ಲಿ 'ಬೂಲಿಯನ್ ಆಪರೇಟರ್' ಎಂದು ಶುರುವಾಗುತ್ತವೆ. ಮೊದಲ ಪರದೆಯಲ್ಲೇ ಹನ್ನೊಂದು ಸಾಲು ಇಂಗ್ಲಿಷ್. ನಮ್ಮ ಹುಡುಗಿಯರೆಲ್ಲ ಅಲ್ಲೇ ಎದ್ದುಹೋದರು. ನಾನು ಉಳಿದದ್ದು ಅವ್ವನ ಕೈಗಾಗಿ. ಎಲ್ಲರಿಗೂ ಹಾಗೆ ಏನಾದರೂ ಇರಬೇಕೇ?

ಆದ್ದರಿಂದ ನಿನ್ನೆ ಒಂದು ಕೆಲಸ ಮಾಡಿದೆ. ಎದ್ದುಹೋಗಿದ್ದ ಏಳು ಜನರನ್ನು ಕೂಡಿಸಿ ನಿಮ್ಮ ಸೀರೆಯ ಪತ್ರ ಮತ್ತೆ ಓದಿದೆ. ಆಮೇಲೆ ಒಬ್ಬೊಬ್ಬರನ್ನೇ ಕಂಪ್ಯೂಟರಿನ ಮುಂದೆ ಕೂರಿಸಿದೆ. ಸುಗಲಮ್ಮ ಎಂಬವಳು ಇದುವರೆಗೆ ಮೌಸ್ ಮುಟ್ಟಿರಲಿಲ್ಲ. ಅವಳು, "ಶೇಂಗಾ ಮತ್ತ ಪೊಳ್ಳು ಕಾಯಿ ಮತ್ತ ರಾಯಚೂರು ಅಂತ ಹಾಕಲೇನ?" ಎಂದು ಕೇಳಿದಳು. ಏಳೂ ಜನ ಮೂರನೇ ಪಾಠದ ಪರೀಕ್ಷೆ ಪಾಸಾದರು. ನಿಮ್ಮ ಲೆಕ್ಕದಲ್ಲಿ ಬಂದಿರಬೇಕು, ನೋಡಿ.

ಗುರುದೇವಿ


ತಾರ್ನಾಕ
2 ನವೆಂಬರ್ 2005

ಪ್ರೀತಿಯ ಗುರುದೇವಿ,

ನಿನ್ನ ಪತ್ರ ತಲುಪುವ ಮೊದಲೇ ಗೋಪಿನಾಥ ಫೋನು ಮಾಡಿದ್ದರು. "ಮೇಡಂ, ಲಿಂಗಸುಗೂರಿನಲ್ಲಿ ಏನೋ ಕೆಟ್ಟಿದೆ. ಒಂದೇ ದಿನ ಏಳು ಜನ ಮೂರನೇ ಪಾಠ ದಾಟಿದ್ದಾರೆ" ಎಂದು. ಅವರ ಯಂತ್ರ ತಪ್ಪು ಲೆಕ್ಕ ತೋರಿಸುತ್ತಿದೆ ಎಂದೇ ಒಂದು ದಿನ ಕುಳಿತು ತಪಾಸಣೆ ಮಾಡಿದರಂತೆ.

ಸಮಿತಿಯಲ್ಲಿ ನಾನು ಅವ್ವನ ಕೈಯ ಮಾತು ಎತ್ತಲಿಲ್ಲ. ನಿನ್ನ ಪತ್ರದ ಎರಡನೇ ಭಾಗವನ್ನು ತೆಲುಗಿಗೆ ತಿರುಗಿಸಿ ಓದಿದೆ, ಹನ್ನೊಂದು ಸಾಲು ಇಂಗ್ಲಿಷ್ ಎಂಬುದನ್ನೂ ಸೇರಿಸಿ. ನರಹರಿಯವರು ಮೂರನೇ ಪಾಠವನ್ನು ಅಲ್ಲೇ ತೆರೆಸಿ ನೋಡಿದರು. ಎಣಿಸಿದರು. "ಹನ್ನೆರಡು" ಎಂದರು. ಆಮೇಲೆ, "ನನಗೂ ಅರ್ಥವಾಗಲಿಲ್ಲ" ಎಂದರು.

ಮಾರ್ಚ್ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಮೂರನೇ ಪಾಠವನ್ನು ಕನ್ನಡದಲ್ಲೂ ತೆಲುಗಿನಲ್ಲೂ ಹೊಸದಾಗಿ ಮಾಡಬೇಕು. ತೆಲುಗು ನಾನು ಹೇಳುತ್ತೇನೆ. ಕನ್ನಡದ ದನಿ ನಿನ್ನದಾಗಬೇಕು. ಡಿಸೆಂಬರ್ ರಜೆಗೆ ಬಾ. ನಮ್ಮ ಮನೆಯಲ್ಲೇ ಇರು.

ಕೃಷ್ಣಾಬಾಯಿ


ಲಿಂಗಸುಗೂರು
11 ನವೆಂಬರ್ 2005

ಮೇಡಮ್ಮನವರಿಗೆ ನಮಸ್ಕಾರಗಳು.

ಡಿಸೆಂಬರ್ ಹದಿನೆಂಟಕ್ಕೆ ಬರುತ್ತೇನೆ. ಏನು ಹೇಳಬೇಕೆಂದು ಬರೆದುಕೊಳ್ಳುತ್ತಿದ್ದೇನೆ. ಶಿವಗಂಗಾ ಕೇಳಿ, ತಿಳಿಯದ ಕಡೆ ಕೈ ಎತ್ತುತ್ತಾಳೆ. ಇದುವರೆಗೆ ಒಂಬತ್ತು ಸಲ ಎತ್ತಿದ್ದಾಳೆ.

ಅವ್ವ ಆ ದಿನ ಕೆಲಸಕ್ಕೆ ರಜೆ ಹೇಳಿದ್ದಾಳೆ. ಅವಳೂ ತಾರ್ನಾಕಕ್ಕೆ ಬರುತ್ತಾಳಂತೆ. ನನ್ನ ದನಿ ಕೇಳಲಿಕ್ಕಲ್ಲ, ಅದು ಹುಟ್ಟಿದಾಗಿನಿಂದ ಕೇಳಿದ್ದೇ ಎಂದಳು. ಲೈಬ್ರರಿ ಎಂದರೆ ಹೇಗಿರುತ್ತದೆ ಎಂದು ನೋಡಬೇಕಂತೆ. ಕುರ್ಚಿ ಹಾಕಿ ಕೂರಿಸಬೇಡಿ, ಅವಳು ಕೂರುವವಳಲ್ಲ. ಒಂದೊಂದು ಕಪಾಟಿನ ಮುಂದೂ ನಿಂತು, "ಇದರಾಗ ಏನೈತಿ?" ಎಂದು ಕೇಳುತ್ತಾಳೆ. ಪುಸ್ತಕಗಳ ಬೆನ್ನಿನ ಮೇಲಿನ ಹೆಸರು ಓದಿ ಉತ್ತರ ನಾನೇ ಹೇಳುತ್ತೇನೆ. ನನಗೆ ಗೊತ್ತಾಗದ ಕಡೆ ನಿಮ್ಮ ಕಡೆ ತಿರುಗುತ್ತೇನೆ.

ತಿರುಗಿದ ಕೂಡಲೇ ಹೇಳಿಬಿಡಿ.

ನಿಮ್ಮ
ಗುರುದೇವಿ